ಪಶುವೈದ್ಯ ವಿದ್ಯಾರ್ಥಿಗಳೂ ಪಶುಜನ್ಯ ರೋಗಗಳ ಅರಿವೂ

(ಮಹೋತ್ಸವದ ಅಂಗವಾಗಿ ಹಿನಕಲ್ಲಿನಲ್ಲಿ ಏರ್ಪಟ್ಟ ಪಶು ಆರೋಗ್ಯ ಶಿಬಿರದ ಮುನ್ನಾದಿನ ಮಾಡಿದ ಉಪನ್ಯಾಸ)

 

ವ್ಯಾಕರಣವನ್ನೂ ಕಾವ್ಯವನ್ನೂ ಪಾಠ ಹೇಳಿಕೊಂಡು ಐವತ್ತು ದಾಟಿದವನು, ಪಶುವೈದ್ಯವನ್ನೇ ಓದುತ್ತಿರುವವರ ಮುಂದೆ ದನಗಳ ರೋಗವನ್ನು ಕುರಿತು ಮಾತನಾಡಲು ನಿಂತಿರುವುದು ನಿಮಗೆ ವಿಚಿತ್ರವಾಗಿ ತೋರಬಹುದು. ಸನ್ನಿಧಾನದ ಅಪ್ಪಣೆಯಾಯಿತೆಂಬುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ನಾನೇ ಮಾಡಿದ ಒಂದು ತಪ್ಪು. ಅದನ್ನು ಮುಂದೆ ಅರಿಕೆ ಮಾಡುತ್ತೇನೆ.

ಕನ್ನಡಕ್ಕೆ ಪಶುವೈದ್ಯವು ಹೊಸದಲ್ಲ. ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು 12ನೆಯ ಶತಮಾನದ ಆದಿಭಾಗದ ಸುಮಾರಿಗೇ ‘ಗೋವೈದ್ಯ’ವೆಂಬ ಗ್ರಂಥವನ್ನು ರಚಿಸಿದನು. ಔಷಧವೂ ಮಂತ್ರವೂ ಅದರಲ್ಲಿ ಬೆರೆತಿವೆಯೆಂದು ಇಂದಿನವರು ನಗಬಹುದು. ಆದರೆ ಅರಮನೆಯ ಕುಮಾರನೊಬ್ಬನು ಹಸುವಿನ ಬೇನೆಗೆ ಮದ್ದು ಹುಡುಕುತ್ತ ಕುಳಿತನಲ್ಲವೆ? ಅದೇ ಶತಮಾನದ ಶರಣರಲ್ಲಿ ತುರುಗಾಹಿ ರಾಮಣ್ಣನಿಗೆ ದನ ಕಾಯುವುದೇ ಕಾಯಕವಾಗಿದ್ದಿತು. ಆದುದರಿಂದ ಮಠದ ಅಂಗಳದಲ್ಲಿ ದನಗಳ ಮಾತನ್ನಾಡುವುದು ಅಸಂಗತವೇನೂ ಅಲ್ಲ. ಪಶುವಿಗೆ ಬಂದ ರೋಗವನ್ನು ಕಳೆಯುವುದು ಹೇಗೆಂದು ಹಿಂದಿನವರು ವಿಚಾರ ಮಾಡಿದರು. ಪಶುವಿನಿಂದ ಪಶುವೈದ್ಯನಿಗೇ ಬರತಕ್ಕ ರೋಗವನ್ನು ತಡೆಯುವುದು ಹೇಗೆಂಬುದು ಇಂದಿನ ನನ್ನ ವಿಷಯ.

ಮನುಷ್ಯನಿಗೆ ತಗುಲುವ ಸೋಂಕುರೋಗಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪ್ರಾಣಿಗಳಿಂದ ಬರಬಲ್ಲವೆಂದು ವಿಜ್ಞಾನಿಗಳು ಹೇಳುತ್ತಾರೆ. ಇದು ಎಲ್ಲಿಯೋ ದೂರದ ದೇಶದ ಮಾತೆಂದು ತಿಳಿಯಬೇಡಿ. ಹುಣಸೂರು ರಸ್ತೆಯ ಈ ಹಿನಕಲ್ ಗ್ರಾಮವು ಈಗ ಮೈಸೂರು ನಗರದೊಡನೆ ಒಂದಾಗಿಹೋಗಿದೆ. ಇಲ್ಲಿಂದ ಬಹುದೂರವಲ್ಲದ ಕುಂಬಾರಕೊಪ್ಪಲಿನಲ್ಲಿ 2020ನೆಯ ಮಾರ್ಚಿ ತಿಂಗಳಲ್ಲಿ ಕೋಳಿಗಳು ಸತ್ತವು. ಅದು ಹಕ್ಕಿಜ್ವರವೆಂದು ಭೋಪಾಲದ ಪ್ರಯೋಗಶಾಲೆಯಿಂದ ವರದಿ ಬಂದಿತು. ಆ ಸುತ್ತಿನ ಸಾಕುಕೋಳಿಗಳನ್ನೆಲ್ಲ ಕೊಂದು ಹೂಳಬೇಕಾಯಿತು. ಆ ಕೆಲಸಕ್ಕೆ ಮುಂದಾಗಿ ಹೋಗತಕ್ಕವರು ಯಾರು? ಪಶುವೈದ್ಯರು. ಎಲ್ಲರೂ ಹಿಂದೆ ಸರಿಯುವಾಗ ಮುಂದೆ ಹೋಗಬೇಕಾದುದು ನಿಮ್ಮ ವೃತ್ತಿಯ ಧರ್ಮ.

ಮಂಗನ ಕಾಯಿಲೆಯ ಕಥೆ ಇನ್ನೂ ಬೋಧಪ್ರದವಾದುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಅದರ ಬೆನ್ನಲ್ಲೇ ಕಾಡಿಗೆ ಹೋಗಿಬಂದ ಜನರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ನೋಡಿ, ಇದು ಲೋಕವು ಅದುವರೆಗೆ ಅರಿಯದ ಹೊಸ ರೋಗವೆಂದೂ, ಹರಡುವುದು ಉಣ್ಣೆಗಳಿಂದೆಂದೂ ಕಂಡುಹಿಡಿದರು. ನಾವು ಉಣ್ಣೆ ಎನ್ನುವುದನ್ನೇ ಮಲೆನಾಡಿನವರು ಉಣುಗು ಎನ್ನುತ್ತಾರೆ. ಮಂಗವು ಸತ್ತು ಮೈ ತಣ್ಣಗಾದೊಡನೆ ಅದರ ಮೇಲಿದ್ದ ಉಣ್ಣೆಗಳು ಉದುರಿ, ಆ ಜಾಗದ ತರಗೆಲೆಯಲ್ಲಿ ಹೊಂಚಿಕೊಂಡಿರುತ್ತವೆ. ಬಲಿತ ಉಣ್ಣೆಗೆ ಮೇಯಲು ಹೋದ ದನವೇ ಆಹಾರ. ಎಳೆಯ ಉಣ್ಣೆ ಮನುಷ್ಯನನ್ನೂ ಕಚ್ಚುವುದು. ಕಾಡು, ದನ, ಮಂಗ, ಮನುಷ್ಯ ಈ ನಾಲ್ಕನ್ನೂ ಒಂದು ಸಣ್ಣ ಹುಳು ಒಂದೇ ಸರಪಳಿಯಲ್ಲಿ ಬಿಗಿದಿದೆ. ಇದು ಬಹುಕಾಲ ಮಲೆನಾಡಿನ ರೋಗವೆಂದೇ ನಾವು ಮೈಸೂರಿನವರು ನಿಶ್ಚಿಂತರಾಗಿದ್ದೆವು. 2012ರ ಕೊನೆಯಲ್ಲಿ ಬಂಡೀಪುರದ ಕಾಡಿನಲ್ಲಿ ಮಂಗಗಳು ಸತ್ತವು. ಅವನ್ನು ಮುಟ್ಟಿ ಎತ್ತಿ ಸುಟ್ಟ ಅರಣ್ಯದ ಕೆಲಸಗಾರರಿಗೇ ಆ ಜ್ವರ ಬಂದಿತು. ಸತ್ತ ಪ್ರಾಣಿಗೆ ಸಂಸ್ಕಾರ ಮಾಡಿದುದೇ ಅವರ ಅಪರಾಧವಾಯಿತು! ಅವರಿಗೆ ತಿಳಿಯದಿದ್ದುದು ಅವರ ದೋಷವಲ್ಲ. ತಿಳಿಸಬೇಕಾದವರು ಮುಂಚಿತವಾಗಿ ತಿಳಿಸಲಿಲ್ಲ.

ಆದರೆ ವಿದ್ಯಾರ್ಥಿಗಳೇ, ನಿಮಗೆ ತಿಳಿಯದೆಂದು ಯಾರೂ ಹೇಳುವಂತಿಲ್ಲ. ನಿನ್ನೆ ಸಾಯಂಕಾಲ ದಾಸೋಹದ ಮನೆಯಲ್ಲಿ ನಿಮ್ಮಲ್ಲಿ ಕೆಲವರೊಡನೆ ಮಾತನಾಡಿದೆನು. ಯಾವ ರೋಗಕ್ಕೆ ಯಾವ ಸೂಕ್ಷ್ಮಜೀವಿ ಕಾರಣವೆಂದು ಕೇಳಿದರೆ ನಮ್ಮ ಪಾಠಶಾಲೆಯ ಹುಡುಗರು ಅಮರಕೋಶವನ್ನು ಹೇಳುವಂತೆ ತಡೆಯಿಲ್ಲದೆ ಹೇಳಿದಿರಿ. ಬಹಳ ಸಂತೋಷವಾಯಿತು. ಅನಂತರ, ಹುಚ್ಚುನಾಯಿ ರೋಗಕ್ಕೆ ಮುಂಚಿತವಾಗಿಯೇ ಲಸಿಕೆ ಹಾಕಿಸಿಕೊಂಡವರು ಎಷ್ಟು ಮಂದಿ ಎಂದು ಕೇಳಿದೆನು. ಒಬ್ಬರ ಮುಖವನ್ನೊಬ್ಬರು ನೋಡಿಕೊಂಡಿರಿ. ಹಸುವಿನ ಮಾಸು ತೆಗೆಯುವಾಗ ತೋಳಿನವರೆಗೆ ಕೈಗವಸು ಹಾಕುವಿರಾ ಎಂದರೆ, “ಸಿಕ್ಕಿದರೆ ಹಾಕುತ್ತೇವೆ, ಗುರುಗಳೇ” ಎಂದು ಒಬ್ಬ ತರುಣನು ನಿಜವನ್ನೇ ನುಡಿದನು. ಐದೂವರೆ ವರ್ಷ ಓದಿದ ವಿದ್ಯೆಯು “ಸಿಕ್ಕಿದರೆ” ಎಂಬ ಒಂದು ಪದದ ಮೇಲೆ ನಿಂತಿರುವುದನ್ನು ಕೇಳಿ ನನಗೆ ರಾತ್ರಿ ನಿದ್ರೆ ಬರಲಿಲ್ಲ. ಹಾಗೇಕೆಂಬುದನ್ನು ಈಗ ಹೇಳುತ್ತೇನೆ.

ಸುಮಾರು ಇಪ್ಪತ್ತೈದು ವರ್ಷಗಳ ಕೆಳಗೆ ನಾನು ಪಾಠ ಹೇಳುತ್ತಿದ್ದ ಊರಿನ ಕೊಟ್ಟಿಗೆಯಲ್ಲಿ ಒಂದು ಹಸು ತುಂಬುವ ಮೊದಲೇ ಕಂದು ಹಾಕಿತು. ಎರಡು ದಿನವಾದರೂ ಮಾಸು ಬೀಳಲಿಲ್ಲ. ಹಳ್ಳಿಯವರು ಅದನ್ನು ಕಸವೆನ್ನುತ್ತಾರೆ. ಹಸು ಮೇವು ಬಿಟ್ಟಿತು. ನನ್ನಲ್ಲಿ ನಾಲ್ಕು ವರ್ಷ ಸಂಸ್ಕೃತ ಓದಿ, ಆಮೇಲೆ ಪಶುವೈದ್ಯ ಕಾಲೇಜು ಸೇರಿದ್ದ ಶಿಷ್ಯನೊಬ್ಬನು ರಜೆಗೆ ಬಂದಿದ್ದನು. ಕರೆಸಿದೆವು. ಅವನು ನೋಡಿ, “ಗುರುಗಳೇ, ಇದು ಕಂದುರೋಗವಿರಬಹುದು. ಬೆಳಿಗ್ಗೆ ಪೇಟೆಯಿಂದ ಕೈಗವಸು ತರಿಸಿ ಕೈ ಹಾಕುತ್ತೇನೆ” ಎಂದನು. ನಾನು ಸಿಡುಕಿದೆನು. “ತಾಯಿಗೆ ಸೇವೆ ಮಾಡಲು ಮಗನಿಗೆ ಕೈಚೀಲವೇಕಯ್ಯಾ? ಅಸಹ್ಯವೇ?” ಎಂದುಬಿಟ್ಟೆನು. ಸುತ್ತ ನಿಂತಿದ್ದವರು ನಕ್ಕರು. ಆ ಹುಡುಗನು ಮತ್ತೆ ಮಾತನಾಡಲಿಲ್ಲ. ಅಂಗಿಯ ತೋಳು ಮಡಿಸಿದನು. ನಾನು ದೀಪ ಹಿಡಿದೆನು. ಹಸು ಬದುಕಿತು; ನಾನು ಅವನ ಬೆನ್ನು ತಟ್ಟಿದೆನು.

ಒಂದೂವರೆ ತಿಂಗಳಾದ ಮೇಲೆ ಅವನಿಗೆ ಜ್ವರ ಬಂದಿತು. ಸಂಜೆ ಏರುವುದು, ರಾತ್ರಿ ಬೆವತು ಇಳಿಯುವುದು, ನಾಲ್ಕು ದಿನ ಬಿಟ್ಟು ಮತ್ತೆ ಬರುವುದು. ವಿಷಮಶೀತಜ್ವರವೆಂದು ಒಬ್ಬ ವೈದ್ಯರು, ಮಲೇರಿಯಾ ಎಂದು ಮತ್ತೊಬ್ಬರು ಔಷಧ ಕೊಟ್ಟರು. ನೀನು ಏನು ಕೆಲಸ ಮಾಡುತ್ತೀಯೆ ಎಂದು ಯಾರೂ ಕೇಳಲಿಲ್ಲ. ಸಂಕೋಚದಿಂದ ಅವನೂ ಹೇಳಲಿಲ್ಲ. ಐದನೆಯ ತಿಂಗಳಲ್ಲಿ ರಕ್ತಪರೀಕ್ಷೆಯಿಂದ ನಿಜ ತಿಳಿದು, ಎರಡು ಔಷಧಗಳನ್ನು ವಾರಗಟ್ಟಲೆ ಸೇವಿಸಿ ಜ್ವರ ನಿಂತಿತು. ಸೊಂಟದ ನೋವು ನಿಲ್ಲಲಿಲ್ಲ. ಆ ವರ್ಷದ ಪರೀಕ್ಷೆಯೂ ತಪ್ಪಿತು. ಇಂದಿಗೂ ಅವನು ನನ್ನನ್ನು ಕಂಡರೆ ಪಾದ ಮುಟ್ಟಲು ಬಾಗುತ್ತಾನೆ. ಬಾಗಿದವನು ಏಳುವಾಗ ಗೋಡೆ ಹಿಡಿಯುತ್ತಾನೆ. ಅವನಿಗೆ ಅರಿವಿದ್ದಿತು. ಅವನ ಅರಿವು ಆಚಾರವಾಗದಂತೆ ತಡೆದವನು ನಾನು, ಅವನ ಗುರು.

ಈ ರೋಗದ ಚರಿತ್ರೆಯನ್ನು ಆಮೇಲೆ ನಾನು ಕೇಳಿ ಓದಿ ತಿಳಿದುಕೊಂಡೆನು. ಮಾಲ್ಟಾ ದ್ವೀಪದ ಸಿಪಾಯಿಗಳಿಗೆ ಬರುತ್ತಿದ್ದ ಜ್ವರದ ಕಾರಣವನ್ನು 1887ರಲ್ಲಿ ಡೇವಿಡ್ ಬ್ರೂಸ್ ಎಂಬ ವೈದ್ಯನು ಕಂಡನು. ಅದು ಮೇಕೆಯ ಹಸಿಹಾಲಿನಿಂದ ಬರುತ್ತದೆಂದು ತಿಳಿಯಲು 1905ರವರೆಗೆ ಕಾಯಬೇಕಾಯಿತು. ಹಸು ಕಂದು ಹಾಕುವ ರೋಗವೂ ಮನುಷ್ಯನ ಈ ಜ್ವರವೂ ಹತ್ತಿರದ ನೆಂಟರೆಂದು 1918ರಲ್ಲಿ ತೋರಿಸಿಕೊಟ್ಟವಳು ಅಮೆರಿಕದ ಆಲಿಸ್ ಇವಾನ್ಸ್ ಎಂಬ ಹೆಂಗಸು. ಆಕೆಯ ಮಾತನ್ನು ಅನೇಕ ಪಂಡಿತರು ನಂಬಲಿಲ್ಲ. ಪಂಡಿತರ ಸ್ವಭಾವವೇ ಹಾಗೆ; ನನ್ನನ್ನು ಸೇರಿಸಿಯೇ ಹೇಳುತ್ತೇನೆ. ಕೊನೆಗೆ ಆಕೆಗೂ ಪ್ರಯೋಗಶಾಲೆಯಲ್ಲಿಯೇ ಆ ರೋಗ ತಗುಲಿ ವರ್ಷಾಂತರಗಳವರೆಗೆ ಬಾಧಿಸಿತು. ಈಗ ಹೆಣ್ಣುಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಕಂದುರೋಗದ ಲಸಿಕೆ ಹಾಕುತ್ತಾರಷ್ಟೆ. ಅದರಲ್ಲಿರುವುದು ಜೀವಂತ ರೋಗಾಣು. ಸೂಜಿ ಜಾರಿ ನಿಮ್ಮ ಬೆರಳಿಗೆ ಚುಚ್ಚಿದರೆ, ಹನಿ ಕಣ್ಣಿಗೆ ಸಿಡಿದರೆ, ಕರುವನ್ನು ಕಾಪಾಡುವ ಅದೇ ಲಸಿಕೆ ನಿಮ್ಮನ್ನು ಮಲಗಿಸಬಲ್ಲದು. ಹಾಗಾದರೆ ಮುಚ್ಚಿಡದೆ ಆ ದಿನವೇ ವೈದ್ಯರಿಗೆ ಹೇಳತಕ್ಕದ್ದು.

ಉಳಿದ ರೋಗಗಳನ್ನು ನೀವು ಬಲ್ಲಿರಿ. ಎರಡು ಮಾತು ಸಾಕು. ನೆರಡಿಯಿಂದ ಸತ್ತಿರಬಹುದೆಂಬ ಶಂಕೆಯುಳ್ಳ, ಮೂಗುಬಾಯಿಗಳಿಂದ ಹೆಪ್ಪುಗಟ್ಟದ ರಕ್ತ ಸುರಿದ ದನವನ್ನು ಕುತೂಹಲಕ್ಕಾಗಿ ಕೊಯ್ಯಲಾಗದು. ಕೊಯ್ದರೆ ಅದರ ಬೀಜವು ಮಣ್ಣಿನಲ್ಲಿ ದಶಕಗಳವರೆಗೆ ಉಳಿದು, ನಿಮ್ಮ ಮಕ್ಕಳ ಕಾಲದ ದನಗಳನ್ನೂ ಕೊಲ್ಲುವುದು. ಹುಚ್ಚುನಾಯಿ ರೋಗವಂತೂ ಕಾಣಿಸಿಕೊಂಡ ಮೇಲೆ ಮದ್ದಿಲ್ಲದ್ದು. ಹಸುವಿಗೂ ಅದು ಬರುತ್ತದೆ. ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಜೊಲ್ಲು ಸುರಿಸುವ ಹಸುವಿನ ಬಾಯಿಗೆ ಬರಿಗೈ ಹಾಕುವ ಅಭ್ಯಾಸ ನಮ್ಮ ರೈತರಲ್ಲಿ ಉಂಟು. ವಿದ್ಯಾರ್ಥಿಗಳಲ್ಲಿಯೂ ಉಂಟೆಂದು ಕೇಳಿದ್ದೇನೆ. ಜೊಲ್ಲು ಗಾಯಕ್ಕೆ ತಗುಲಿದರೆ ಹದಿನೈದು ನಿಮಿಷ ಸಾಬೂನು ನೀರಿನಿಂದ ತೊಳೆದು, ಅರಿಸಿನ ಮೆಣಸಿನಪುಡಿ ಮೆತ್ತದೆ, ಆಸ್ಪತ್ರೆಗೆ ಹೋಗಬೇಕು.

ಊರಿನ ಮಹಾಜನಗಳಲ್ಲಿಯೂ ನನ್ನದೊಂದು ಬಿನ್ನಹವಿದೆ. ಈ ಹುಡುಗರು ಕೈಗವಸು ಹಾಕಿದರೆ ನಗಬೇಡಿ, ಅಸಹ್ಯಪಟ್ಟರೆಂದು ತಿಳಿಯಬೇಡಿ. “ಬೇಗ, ಬೇಗ” ಎಂದು ಅವಸರಪಡಿಸಬೇಡಿ. ಕಂದು ಹಾಕಿದ ಹಸುವಿನ ಮಾಸನ್ನು ತಿಪ್ಪೆಗೆ ಎಸೆಯದೆ, ನಾಯಿಗೆ ಸಿಕ್ಕದಂತೆ ಆಳವಾಗಿ ಸುಣ್ಣ ಹಾಕಿ ಹೂಳಿಸಿರಿ. ಕೊಟ್ಟಿಗೆ ಬಳಿಯುವವರು ಬಹುಪಾಲು ನಮ್ಮ ಮನೆಯ ಹೆಣ್ಣುಮಕ್ಕಳು. ಬಸುರಿಯನ್ನು ಆ ದಿನಗಳಲ್ಲಿ ಅಲ್ಲಿಗೆ ಕಳುಹಿಸಬೇಡಿ. ಹಾಲನ್ನು ಉಕ್ಕುವವರೆಗೆ ಕಾಯಿಸದೆ ಮಗುವಿಗೆ ಕೊಡಬೇಡಿ.

ನಾಳೆ ಬೆಳಿಗ್ಗೆ ಏಳು ಗಂಟೆಗೆ ಶಿಬಿರವು ಪ್ರಾರಂಭವಾಗುವುದು. ಸನ್ನಿಧಾನದ ಅಪ್ಪಣೆಯಂತೆ ಎರಡು ಹಂಡೆ ಬಿಸಿನೀರು, ಸಾಬೂನು, ತೋಳಿನುದ್ದದ ಕೈಗವಸುಗಳ ಪೆಟ್ಟಿಗೆ ಇವುಗಳನ್ನು ಬಾಗಿಲಿನಲ್ಲಿಯೇ ಇರಿಸಲಾಗಿದೆ. ಆ ಪೆಟ್ಟಿಗೆಯ ಪಕ್ಕದಲ್ಲಿ ನಾನೇ ಕುಳಿತಿರುತ್ತೇನೆ. ಬರಿಗೈಯಲ್ಲಿ ಒಳಗೆ ಹೋಗುವ ವಿದ್ಯಾರ್ಥಿಯನ್ನು, ಹಸುವಿನ ಯಜಮಾನರು ಎಷ್ಟೇ ಅವಸರಪಡಿಸಲಿ, ನಾನು ಹೊರಕ್ಕೆ ಕಳುಹಿಸುವೆನು.