ತಾಪವೂ ಘರ್ಷಣೆಯೂ



1880ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಕಾಲಕಾಲದ ಹೊಸ ಬೆಳವಣಿಗೆಗಳನ್ನು ಜನರಿಗೆ ಪರಿಚಯಿಸುವುದಕ್ಕೆಂದು ಮೊದಲುಗೊಂಡ ಮೈಸೂರಿನ ಈ ದಸರಾ ವಸ್ತುಪ್ರದರ್ಶನದಲ್ಲಿ, ಕಣ್ಣಿಗೆ ಕಾಣದ ಪರಮಾಣುವಿಗೂ ಒಂದು ಮಂಟಪ ದೊರೆತಿರುವುದು ನನಗೆ ಅತೀವ ಸಂತೋಷವನ್ನುಂಟುಮಾಡಿದೆ.

ಮೈಸೂರಿನವರಿಗೆ ಘರ್ಷಣೆಯ ಪರಿಚಯವನ್ನು ಬೇರೆ ಮಾಡಿಕೊಡಬೇಕಾದುದಿಲ್ಲ. ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಶ್ರೀಗಂಧದ ಕೊರಡನ್ನು ಒತ್ತಿ ತೇಯುವಾಗ ಅಂಗೈಗೆ ತಿಳಿಯುವ ತಡೆಯೇ ಅದು. ಘರ್ಷಣೆಯಿಂದ ಉಷ್ಣ ಹುಟ್ಟುವುದೆಂಬುದನ್ನು ಅರಣಿಯನ್ನು ಮಥಿಸಿ ಅಗ್ನಿಯನ್ನು ಪಡೆದ ಪ್ರಾಚೀನರೂ ಬಲ್ಲವರಾಗಿದ್ದರು. ಆದರೆ ಉಷ್ಣವು ಘರ್ಷಣೆಯನ್ನು ಏನು ಮಾಡುವುದೆಂಬ ವಿಲೋಮ ಪ್ರಶ್ನೆಯೇ ನನಗೆ ಹೆಚ್ಚು ರಮ್ಯವಾಗಿ ತೋರುತ್ತದೆ.

ಅದಕ್ಕೆ ಉತ್ತರ ಹುಡುಕಲು ಘರ್ಷಣೆಯನ್ನು ಮೊದಲು ಪರಮಾಣುವಿನ ಮಟ್ಟದಲ್ಲಿ ನೋಡಬೇಕು. 1928ರಲ್ಲಿ ಜರ್ಮನಿಯ ಲುಡ್ವಿಗ್ ಪ್ರಾಂಟಲ್ ಗಣಿತದಿಂದ ಊಹಿಸಿದ್ದುದನ್ನು, 1987ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದ ಮೇಟ್ ಮತ್ತು ಸಂಗಡಿಗರು, ಟಂಗ್‌ಸ್ಟನ್ ಸೂಜಿಯೊಂದರ ಮೊನೆಯನ್ನು ಗ್ರಾಫೈಟಿನ ಮೇಲೆ ಎಳೆದು, ಪ್ರತ್ಯಕ್ಷವಾಗಿ ಅಳೆದರು. ಮೊನೆಯು ನುಣ್ಣಗೆ ಜಾರಲಿಲ್ಲ. ಪರಮಾಣುಗಳ ನಡುವಣ ತಗ್ಗಿನಲ್ಲಿ ಸಿಕ್ಕಿ ನಿಂತು, ಸೆಳೆತ ಸಾಕಷ್ಟು ಬಲಿತೊಡನೆ ಮುಂದಣ ತಗ್ಗಿಗೆ ನೆಗೆಯಿತು. ಅಂತಹ ಒಂದೊಂದು ನೆಗೆತವೂ ಸುಮಾರು ಕಾಲು ನ್ಯಾನೊಮೀಟರ್. ಒಂದು ಮಿಲಿಮೀಟರ್ ಸಾಗಲು 40 ಲಕ್ಷ ನೆಗೆತಗಳು ಬೇಕು!

ಉಷ್ಣದ ಕಾರ್ಯವಿರುವುದು ಇಲ್ಲಿಯೇ. ಪರಮಾಣುಗಳು ಎಂದಿಗೂ ಸುಮ್ಮನಿರತಕ್ಕವಲ್ಲ. ತಾಪ ಏರಿದಷ್ಟೂ ಅವುಗಳ ಕಂಪನ ಬಲಿಯುವುದರಿಂದ, ಸೆಳೆತವು ಪೂರ್ಣಪ್ರಮಾಣಕ್ಕೆ ಬರುವ ಮುನ್ನವೇ ಮೊನೆಯು ದಿಬ್ಬವನ್ನು ದಾಟಿಬಿಡುವುದು. ಆದುದರಿಂದಲೇ ಘರ್ಷಣೆ ತಗ್ಗುವುದು. ಶೈತ್ಯದಲ್ಲಿ ಆ ಸಹಾಯ ಕ್ಷೀಣಿಸಿ ಘರ್ಷಣೆ ಹೆಚ್ಚುವುದು. ಅವಸರದಿಂದ ಎಳೆದರೂ ಅಷ್ಟೇ: ಅನುಕೂಲವಾದ ಕಂಪನಕ್ಕಾಗಿ ಕಾಯುವಷ್ಟು ವ್ಯವಧಾನ ಮೊನೆಗೆ ದೊರೆಯದು.

ಆದರೆ ಪ್ರಕೃತಿಯನ್ನು ಒಂದೇ ಸೂತ್ರದಲ್ಲಿ ಕಟ್ಟಿಹಾಕಲಾಗದು. 2006ರಲ್ಲಿ ಜರ್ಮನಿಯ ವಿಜ್ಞಾನಿಗಳು ನಿರ್ವಾತದಲ್ಲಿ ಸಿಲಿಕಾನನ್ನು ಪರೀಕ್ಷಿಸಿದಾಗ, ಘರ್ಷಣೆಯು ಸುಮಾರು 100 ಕೆಲ್ವಿನ್ನಿನಲ್ಲಿ, ಎಂದರೆ ಸೊನ್ನೆ ಸೆಲ್ಸಿಯಸ್‌ಗಿಂತ 173 ಡಿಗ್ರಿ ಕೆಳಗೆ, ಶಿಖರವನ್ನು ಮುಟ್ಟಿ, ಅದರ ಎರಡೂ ಪಕ್ಕಗಳಲ್ಲಿ ಇಳಿಯಿತು. ಸ್ಪರ್ಶಸ್ಥಾನದಲ್ಲಿನ ಸೂಕ್ಷ್ಮಬಂಧಗಳು ಹರಿಯುವುದಕ್ಕೆ ಮಾತ್ರವಲ್ಲದೆ ಹೊಸದಾಗಿ ಬೆಸೆಯುವುದಕ್ಕೂ ಉಷ್ಣವೇ ನೆರವಾಗುವುದೆಂಬುದು ಇದಕ್ಕೆ ಮುಂದೆ ದೊರೆತ ವಿವರಣೆ. ಬೆಸೆಯುವುದೂ ಬಿಡಿಸುವುದೂ ಒಂದೇ ಶಕ್ತಿಯ ಕೆಲಸವಾಗಿರುವ ಈ ಪ್ರಸಂಗವನ್ನು ನಮ್ಮ ಶಾಲೆಯ ಮಕ್ಕಳು ಪಠ್ಯದ ಹೊರಗೂ ಅರಿಯಬೇಕೆಂಬುದು ನನ್ನ ಹಂಬಲ.

ವಿದ್ಯಾರ್ಥಿಗಳು ಇಲ್ಲಿನ ಮಾದರಿಗಳನ್ನು ಕೈಯಿಂದ ಎಳೆದು ನೋಡಲಿ, ಸಂಕೋಚಪಡದೆ ವಿವರಣಕಾರರನ್ನು ಪ್ರಶ್ನಿಸಲಿ ಎಂದು ಕೋರುತ್ತಾ, ಈ ವಿಜ್ಞಾನ ಮಂಟಪವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ.