ಬೇಸಿಗೆ, ಮನೆಯ ಸೆಕೆ ಮತ್ತು ಕಿಟಕಿಯ ಫ್ಯಾನು

(ಸ್ವಸಹಾಯ ಸಂಘಗಳ ಸದಸ್ಯೆಯರ ಬೇಸಿಗೆ ತರಬೇತಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬಿಸಿಲಲ್ಲಿ ನಡೆದು ಬಂದಿದ್ದೀರಿ. ಮೊದಲು ಎಲ್ಲರೂ ನೀರು ಕುಡಿಯಿರಿ, ಆಮೇಲೆ ಮಾತಾಡೋಣ.

ಉಳಿತಾಯ, ಸಾಲ, ಪುಸ್ತಕ ಬರವಣಿಗೆ ಬಗ್ಗೆ ನಾವು ಪ್ರತಿ ಸಲ ಮಾತಾಡುತ್ತೇವೆ. ಈ ಸಲ ಮನೆಯೊಳಗಿನ ಸೆಕೆ ಬಗ್ಗೆ, ಕಿಟಕಿಗೆ ಕೂರಿಸುವ ಫ್ಯಾನಿನ ಬಗ್ಗೆ ಮಾತಾಡೋಣ. "ಇದೇನ್ರಿ ಸಿಸ್ಟರ್, ಫ್ಯಾನಿಗೂ ತರಬೇತಿ ಬೇಕೇನು?" ಎಂದು ನಗಬೇಡಿ. ಇದಕ್ಕೆ ಎರಡು ಕಾರಣ ಇವೆ.

ಒಂದನೆಯದು, ಬೇಸಿಗೆ ಬಂತೆಂದರೆ ಸಂಘಗಳಲ್ಲಿ ಕೂಲರಿಗೆ, ಫ್ಯಾನಿಗೆ ಸಾಲ ಕೇಳುವವರು ಹೆಚ್ಚಾಗುತ್ತಾರೆ. ಸಾಲ ಎತ್ತಿ ತಂದ ಮೇಲೆ, "ಸಿಸ್ಟರ್, ಎಷ್ಟು ಜೋರು ಹಚ್ಚಿದ್ರೂ ಬರೀ ಬಿಸಿಗಾಳಿನೇ ಬರ್ತದ" ಅನ್ನುತ್ತಾರೆ. ಎರಡನೆಯದು ಇನ್ನೂ ದೊಡ್ಡ ಕಾರಣ. ಕಲಬುರಗಿ, ರಾಯಚೂರು, ಯಾದಗಿರಿ, ಬಳ್ಳಾರಿ ಕಡೆ ಬೇಸಿಗೆಯಲ್ಲಿ ಗಂಡಸರು ಮಾಳಿಗೆ ಮೇಲೋ ಅಂಗಳದಲ್ಲೋ ಹಾಸಿಕೊಂಡು ಮಲಗುತ್ತಾರೆ. ನಾವು ಹೆಣ್ಣುಮಕ್ಕಳು? ಹರೆಯದ ಮಗಳನ್ನು, ಬಾಣಂತಿಯನ್ನು, ಎಳೆಗೂಸನ್ನು ಕರೆದುಕೊಂಡು ಒಳಗೆ ಬಾಗಿಲು ಹಾಕಿ ಮಲಗುತ್ತೇವೆ. ಹಗಲೆಲ್ಲ ಕಾದ ಮನೆಯೊಳಗೆ ರಾತ್ರಿಯೆಲ್ಲ ಬೇಯುವವರು ನಾವೇ. ಬೆಳಿಗ್ಗೆ ಮತ್ತೆ ಒಲೆ, ನೀರು, ಕೂಲಿ. ನಿದ್ದೆಯಿಲ್ಲದ ಮೈಗೆ ಬಿಸಿಲು ಬೇಗ ತಾಗುತ್ತದೆ. 2015ರ ಮೇ ತಿಂಗಳ ಬಿಸಿಗಾಳಿಗೆ ನಮ್ಮ ಪಕ್ಕದ ಆಂಧ್ರ ಮತ್ತು ತೆಲಂಗಾಣಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದಕ್ಕೇ ಸೆಕೆ ಅನ್ನುವುದನ್ನು ನಾವು ಹಣೆಬರಹ ಅಂತ ಬಿಡಬಾರದು. ಕುಡಿಯುವ ನೀರಿನ ಹಾಗೆ, ಶೌಚಾಲಯದ ಹಾಗೆ ಇದೂ ಸಂಘದಲ್ಲಿ ಕೂತು ಮಾತಾಡಬೇಕಾದ ವಿಷಯ.

ಫ್ಯಾನು ತಂಪು ಮಾಡುವುದಿಲ್ಲ

ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳೋಣ. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಇದ್ದ ಗಾಳಿಯನ್ನು ಆಡಿಸುತ್ತದೆ ಅಷ್ಟೇ. ಆ ಗಾಳಿ ಮೈಮೇಲಿನ ಬೆವರನ್ನು ಆರಿಸುವುದರಿಂದ ನಮಗೆ ಹಾಯ್ ಅನಿಸುತ್ತದೆ. ನಮ್ಮ ಚರ್ಮದ ಶಾಖ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದಂತೆ ಫ್ಯಾನಿನ ಉಪಯೋಗ ಕಡಿಮೆಯಾಗುತ್ತಾ ಹೋಗುತ್ತದೆ. 40 ಡಿಗ್ರಿ ದಾಟಿದ ಮೇಲೆ ಫ್ಯಾನು ಮೈಗೆ ಕಾವು ತುಂಬುತ್ತದೆ, ಆಗ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಾಗಾದರೆ ತಂಪು ಎಲ್ಲಿಂದ ಬರಬೇಕು? ನಮ್ಮ ಕಡೆ ಹಗಲು 40 ದಾಟಿದರೂ ನಸುಕಿನ ಹೊತ್ತಿಗೆ 30ರ ಕೆಳಗೆ ಇಳಿಯುವ ದಿನಗಳೇ ಹೆಚ್ಚು. ಅಂದರೆ ರಾತ್ರಿ ಹೊರಗೆ ತಂಪು ಇದೆ, ಆದರೆ ಮನೆಯೊಳಕ್ಕೆ ಬರುತ್ತಿಲ್ಲ. ಆರ್.ಸಿ.ಸಿ. ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ಮಧ್ಯರಾತ್ರಿಯವರೆಗೂ ಒಳಗೆ ಕಾವು ಬಿಡುತ್ತಿರುತ್ತದೆ. ಮೇಲಿನ ಸೀಲಿಂಗ್ ಫ್ಯಾನು ಅದೇ ಕಾವನ್ನು ಕೆಳಕ್ಕೆ ತಳ್ಳುತ್ತದೆ. ಬಿಸಿಗಾಳಿ ಬರುವುದು ಇದಕ್ಕೇ, ಫ್ಯಾನು ಕೆಟ್ಟಿದೆ ಅಂತಲ್ಲ. ನಮ್ಮ ಹಿರಿಯರ ಮಣ್ಣಿನ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆ ಇತ್ತು, ಮೇಲೆ ಬೆಳಕಿಂಡಿ ಇತ್ತು. ಬಿಸಿಗಾಳಿ ಮೇಲೇರಿ ಬೆಳಕಿಂಡಿಯಿಂದ ಹೋಗುತ್ತಿತ್ತು. ಹೊಸ ಮನೆ ಕಟ್ಟುವಾಗ ನಾವು ಬೆಳಕಿಂಡಿ ಬಿಟ್ಟೆವು. ಅದು ಮಾಡುತ್ತಿದ್ದ ಕೆಲಸವನ್ನು ಕಿಟಕಿಗೆ ಕೂರಿಸಿದ ಎಕ್ಸಾಸ್ಟ್ ಫ್ಯಾನು ಮಾಡಬಲ್ಲದು. ಬಾಗಿಲು ಭದ್ರವಾಗಿ ಹಾಕಿಕೊಂಡು, ಸರಳು ಇರುವ ಕಿಟಕಿ ಒಂದನ್ನು ತೆರೆದಿಟ್ಟರೂ ಸಾಕು, ಹೊರಗಿನ ತಂಪುಗಾಳಿ ಒಳಗೆ ಬರುತ್ತದೆ. ಒಳಗೆ ಮಲಗುವ ನಮಗೆ ಬೇಕಾಗಿರುವುದು ಇದೇ.

ಯಾವ ಫ್ಯಾನು ತರಬೇಕು?

ಅಂಗಡಿಗೆ ಹೋಗುವ ಮೊದಲು ಕೋಣೆ ಅಳೆಯಿರಿ. ಉದ್ದ, ಅಗಲ, ಎತ್ತರ ಮೂರನ್ನೂ ಅಡಿ ಲೆಕ್ಕದಲ್ಲಿ ಗುಣಿಸಿ, 35ರಿಂದ ಭಾಗಿಸಿ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ ಇದ್ದರೆ 1,200 ಆಯಿತು. 35ರಿಂದ ಭಾಗಿಸಿದರೆ ಸುಮಾರು 34 ಘನ ಮೀಟರ್. ಮೂರು ನಿಮಿಷಕ್ಕೊಮ್ಮೆ ಈ ಗಾಳಿ ಬದಲಾಗಬೇಕು ಅಂತ ಇಟ್ಟುಕೊಳ್ಳಿ, ಅಂದರೆ ಗಂಟೆಗೆ 20 ಸಲ. 34 ಇಪ್ಪತ್ತಲೆ 680. ಫ್ಯಾನಿನ ಡಬ್ಬದ ಮೇಲೆ 'ಏರ್ ಡೆಲಿವರಿ' ಎಂದು ಬರೆದಿರುತ್ತದೆ, ಪಕ್ಕದಲ್ಲಿ ಸಿ.ಎಂ.ಎಚ್. ಅಂತ ಇರುತ್ತದೆ. ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಎಳೆಯುತ್ತದೆ ಅನ್ನುವ ಲೆಕ್ಕ ಅದು. ನಿಮಗೆ 700 ಅಥವಾ ಅದಕ್ಕಿಂತ ಮೇಲಿನದು ಬೇಕು. ಕೋಣೆ ಎರಡಿದ್ದರೆ ಅದರ ಎರಡು ಪಟ್ಟು. ಈ ಒಂದು ಅಂಕಿ ಗೊತ್ತಿದ್ದರೆ ಅಂಗಡಿಯವರು ತೋರಿಸಿದ್ದನ್ನೇ ತರಬೇಕಾಗಿಲ್ಲ.

ಇನ್ನೂ ಕೆಲವು ವಿಷಯ ನೋಡಿ:

• 6 ಇಂಚಿನ ಸಣ್ಣ ಫ್ಯಾನು ಬಚ್ಚಲುಮನೆಗೆ ಸರಿ, ಮಲಗುವ ಕೋಣೆಗೆ ಸಾಲದು. 9 ಇಲ್ಲವೇ 12 ಇಂಚಿನದನ್ನು ನೋಡಿ.

• ಆರ್.ಪಿ.ಎಂ. ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂದರ್ಥ. 1,400 ಸುತ್ತಿನದು ಗಾಳಿ ಚೆನ್ನಾಗಿ ಎಳೆದರೂ ಸದ್ದು ಜಾಸ್ತಿ. ಮಲಗುವ ಕೋಣೆಗೆ ದೊಡ್ಡ ರೆಕ್ಕೆಯ, 900 ಸುತ್ತಿನ ಆಸುಪಾಸಿನದು ಒಳ್ಳೆಯದು. ಸದ್ದಿಗೆ ನಿದ್ದೆ ಬರದಿದ್ದರೆ ಎರಡೇ ದಿನಕ್ಕೆ ಆರಿಸಿ ಇಡುತ್ತೀರಿ.

• ಐ.ಎಸ್.ಐ. ಗುರುತು, ಗ್ಯಾರಂಟಿ ಕಾರ್ಡು, ಅಂಗಡಿಯ ಪಕ್ಕಾ ಬಿಲ್ಲು ಮೂರೂ ಬೇಕು. ಅಂಗಡಿಯಲ್ಲೇ ಹಚ್ಚಿಸಿ ಸದ್ದು ಕೇಳಿ.

• ಒಳಬದಿಗೆ ಜಾಳಿಗೆ ಇರಲಿ. ಮಕ್ಕಳ ಬೆರಳು, ನಮ್ಮ ಸೆರಗು, ಜಡೆ ರೆಕ್ಕೆಗೆ ಸಿಗಬಾರದು.

ಎಲ್ಲಿ ಕೂರಿಸಬೇಕು?

ಬಿಸಿಗಾಳಿ ಮೇಲೇರುತ್ತದೆ. ಆದ್ದರಿಂದ ಫ್ಯಾನು ಎತ್ತರದಲ್ಲಿರಲಿ, ಕಿಟಕಿಯ ಮೇಲಿನ ಭಾಗದಲ್ಲಿ ಅಥವಾ ವೆಂಟಿಲೇಟರಿನಲ್ಲಿ. ಮುಖ ಹೊರಗೆ, ಅಂದರೆ ಒಳಗಿನ ಗಾಳಿಯನ್ನು ಹೊರಕ್ಕೆ ದೂಡುವ ಹಾಗೆ. ಫ್ಯಾನಿನ ಸುತ್ತ ಉಳಿದ ಜಾಗವನ್ನು ಪ್ಲೈವುಡ್ಡಿನಿಂದಲೋ ದಪ್ಪ ರಟ್ಟಿನಿಂದಲೋ ಮುಚ್ಚಿ. ಇಲ್ಲದಿದ್ದರೆ ದೂಡಿದ ಗಾಳಿ ಅದೇ ಸಂದಿಯಿಂದ ವಾಪಸ್ ಬರುತ್ತದೆ.

ಗಾಳಿ ಒಳಗೆ ಬರುವ ಕಿಟಕಿ ಫ್ಯಾನಿನ ಎದುರು ಬದಿಗೆ ಇರಬೇಕು, ಮಲಗುವ ಜಾಗದ ಹತ್ತಿರ ಇರಬೇಕು. ಆಗ ಬರುವ ಗಾಳಿ ನಮ್ಮ ಮೈಮೇಲೆ ಹಾದು ಹೋಗುತ್ತದೆ. ತೆರೆದ ಜಾಗ ಫ್ಯಾನಿನ ಬಾಯಿಗಿಂತ ಎರಡು ಮೂರು ಪಟ್ಟು ದೊಡ್ಡದಿರಲಿ. ಸೊಳ್ಳೆಜಾಲಿ ಹಾಕಿದ್ದರೆ ಗಾಳಿ ಕಡಿಮೆ ಬರುತ್ತದೆ, ಇನ್ನಷ್ಟು ತೆರೆಯಿರಿ. ಫ್ಯಾನಿನ ಪಕ್ಕದಲ್ಲೇ ಇರುವ ಕಿಟಕಿಯನ್ನು ಮಾತ್ರ ಮುಚ್ಚಿಡಿ. ಅದು ತೆರೆದಿದ್ದರೆ ಗಾಳಿ ಅಲ್ಲಿಂದಲೇ ಬಂದು ಅಲ್ಲಿಂದಲೇ ಹೋಗುತ್ತದೆ, ಮನೆಯೊಳಗೆ ಸುತ್ತುವುದಿಲ್ಲ. ಗಾಳಿ ಬರುವ ಕಿಟಕಿಯ ಹೊರಗೆ ಚರಂಡಿ, ತಿಪ್ಪೆ ಇರಬಾರದು. ಒಂದೇ ಕಿಟಕಿಯ ಮನೆಯಾದರೆ ಬಾಗಿಲ ಮೇಲಿನ ವೆಂಟಿಲೇಟರಿಗೆ ಫ್ಯಾನು ಹಾಕಿ, ಕಿಟಕಿಯನ್ನು ಗಾಳಿ ಬರಲು ಬಿಡಿ.

ಸರಿಯಾಗಿದೆಯೋ ಇಲ್ಲವೋ ನೋಡುವುದು ಸುಲಭ. ಒಂದು ಊದುಬತ್ತಿ ಹಚ್ಚಿ, ತೆರೆದ ಕಿಟಕಿಯ ಹತ್ತಿರ ಹಿಡಿಯಿರಿ. ಹೊಗೆ ಒಳಮುಖವಾಗಿ ಬಂದು ಫ್ಯಾನಿನ ಕಡೆ ಹೋದರೆ ಸರಿ. ಹೊಗೆ ನಿಂತಲ್ಲೇ ಸುತ್ತಿದರೆ ಎಲ್ಲೋ ಸಂದಿ ಉಳಿದಿದೆ ಎಂದರ್ಥ.

ಯಾವಾಗ ಹಚ್ಚಬೇಕು, ಯಾವಾಗ ಆರಿಸಬೇಕು?

ಇದೇ ಮುಖ್ಯ. ಹೊರಗೆ ಒಳಗಿಗಿಂತ ತಂಪಾದಾಗ ಹಚ್ಚಿ. ಹೊರಗೆ ಹೆಚ್ಚು ಬಿಸಿ ಇದ್ದಾಗ ಆರಿಸಿ, ಕಿಟಕಿ ಮುಚ್ಚಿ. ಹೊಸ್ತಿಲಲ್ಲಿ ನಿಂತರೆ ಗೊತ್ತಾಗುತ್ತದೆ. ಸ್ಲ್ಯಾಬಿನ ಮನೆಯಾದರೆ ಹೊತ್ತು ಮುಳುಗಿ ಹೊರಗೆ ಆರಿದ ಮೇಲೆ ಹಚ್ಚಿ, ಬೆಳಗಿನವರೆಗೂ ಬಿಡಿ. ಒಂದು ಗಂಟೆ ಹಚ್ಚಿ ಆರಿಸಿದರೆ ಗೋಡೆ, ಸ್ಲ್ಯಾಬು ಆರುವುದಿಲ್ಲ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕಿಟಕಿ ಮುಚ್ಚಿ, ಬಿಸಿಲು ಬೀಳುವ ಕಡೆ ಹೊರಗಿನಿಂದ ಗೋಣಿತಾಟು ಇಳಿಬಿಡಿ. ರಾತ್ರಿಯ ತಂಪು ಮಧ್ಯಾಹ್ನದ ತನಕ ಸ್ವಲ್ಪವಾದರೂ ಉಳಿಯುತ್ತದೆ. ಸೀಲಿಂಗ್ ಫ್ಯಾನು ಇದ್ದರೆ ರಾತ್ರಿ ಜೊತೆಗೆ ನಿಧಾನ ಹಚ್ಚಿಕೊಳ್ಳಬಹುದು.

ಪತ್ರಾಸಿನ ಮನೆಯ ಲೆಕ್ಕ ಬೇರೆ. ತಗಡು ಕಾದಾಗ ಹಗಲೂ ಒಳಗೆ ಹೊರಗಿಗಿಂತ ಹೆಚ್ಚು ಬಿಸಿ. ಅಲ್ಲಿ ಹಗಲೂ ಫ್ಯಾನು ಹಚ್ಚಿ ಕಾವನ್ನು ಹೊರಗೆ ಹಾಕಬೇಕು. ತಗಡಿನ ಮೇಲೆ ಬಿಳಿ ಸುಣ್ಣ ಬಳಿಯಿರಿ, ಇಲ್ಲವೇ ಹುಲ್ಲು, ತೊಗರಿಕಟ್ಟಿಗೆ ಹರಡಿ. ಬೆಂಕಿಯ ಕಿಡಿ ಬೀಳುವ ಕಡೆ ಮಾತ್ರ ಹುಲ್ಲು ಬೇಡ. ಸ್ಲ್ಯಾಬಿನ ಮೇಲೂ ಸುಣ್ಣ ಬಳಿದರೆ ಫ್ಯಾನಿನ ಕೆಲಸ ಅರ್ಧ ಹಗುರ.

ಕೂಲರ್ ಬೇಡವೇ?

ಬೇಡ ಅಂತಲ್ಲ. ನಮ್ಮ ಕಡೆಯದು ಒಣ ಬಿಸಿಲು, ಏಪ್ರಿಲ್, ಮೇ ತಿಂಗಳಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರು, ಕಾರವಾರದ ಕಡೆ ಗಾಳಿಯಲ್ಲೇ ನೀರಿನಂಶ ಇರುವುದರಿಂದ ಅಲ್ಲಿ ಅದು ಅಷ್ಟು ಉಪಯೋಗವಿಲ್ಲ. ಆದರೆ ಕೂಲರಿಗೆ ದಿನಾ ನೀರು ಬೇಕು. ಆ ನೀರು ಹೊರುವವರು ಯಾರು ಎನ್ನುವುದನ್ನು ಸಾಲದ ಅರ್ಜಿ ಬರೆಯುವ ಮೊದಲೇ ಮನೆಯಲ್ಲಿ ಕೇಳಿ. ಕೂಲರನ್ನು ಕಿಟಕಿಗೆ ಬೆನ್ನು ಮಾಡಿ ಇಟ್ಟು, ಇನ್ನೊಂದು ಕಡೆ ಗಾಳಿ ಹೊರಗೆ ಹೋಗಲು ದಾರಿ ಬಿಡಬೇಕು. ಮುಚ್ಚಿದ ಕೋಣೆಯಲ್ಲಿ ಬರೀ ಜಿಗುಟು ಆಗುತ್ತದೆ. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ಉಜ್ಜಿ ತೊಳೆಯದಿದ್ದರೆ ಡೆಂಗಿ ಸೊಳ್ಳೆ ಸಾಕಿದಂತೆ. ನೀರು ತುಂಬುವಾಗ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತೇ ತುಂಬಬೇಕು.

ಕರೆಂಟಿನ ಲೆಕ್ಕ

1,000 ವ್ಯಾಟಿನ ವಸ್ತು ಒಂದು ಗಂಟೆ ನಡೆದರೆ ಒಂದು ಯೂನಿಟ್. 50 ವ್ಯಾಟಿನ ಎಕ್ಸಾಸ್ಟ್ ಫ್ಯಾನು ರಾತ್ರಿ 10 ಗಂಟೆ ನಡೆದರೆ ಅರ್ಧ ಯೂನಿಟ್, ತಿಂಗಳಿಗೆ 15. ಹಳೆಯ ಸೀಲಿಂಗ್ ಫ್ಯಾನು 75 ವ್ಯಾಟ್ ತಿನ್ನುತ್ತದೆ, ಅಷ್ಟೇ ಹೊತ್ತಿಗೆ ತಿಂಗಳಿಗೆ ಇಪ್ಪತ್ತೆರಡೂವರೆ ಯೂನಿಟ್. ಹೊಸ ಬಿ.ಎಲ್.ಡಿ.ಸಿ. ಸೀಲಿಂಗ್ ಫ್ಯಾನಿಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. 180 ವ್ಯಾಟಿನ ಕೂಲರಿಗೆ ತಿಂಗಳಿಗೆ 54 ಯೂನಿಟ್ ಬೇಕು. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಎಷ್ಟು ಯೂನಿಟ್ ಉಚಿತ ಎನ್ನುವುದು ಹಿಂದಿನ ಬಳಕೆಯ ಮೇಲೆ ನಿಂತಿದೆ. ಎಲ್ಲರಿಗೂ ಪೂರ್ತಿ 200 ಇಲ್ಲ. ನಿಮ್ಮ ಮಿತಿ ದಾಟಿದರೆ ಹೆಚ್ಚಿನದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಬಿಲ್ಲೆಲ್ಲ ನಮ್ಮದೇ. ಆದ್ದರಿಂದ ಬಿಲ್ಲು ತೆಗೆದು ನಿಮ್ಮ ಮಿತಿ ಎಷ್ಟು ಅಂತ ಇವತ್ತೇ ನೋಡಿ. ಓದಲು ಬಾರದವರು ಸಂಘದಲ್ಲಿ ಓದಿಸಿಕೊಳ್ಳಿ.

ಎಚ್ಚರಿಕೆ

• ಸೌದೆ ಒಲೆ ಉರಿಯುವಾಗ, ಕೆಂಡ ಇನ್ನೂ ಇರುವಾಗ ಮಲಗುವ ಕೋಣೆಯ ಫ್ಯಾನು ಹಚ್ಚಿದರೆ ಅಡುಗೆಮನೆಯ ಹೊಗೆಯನ್ನೆಲ್ಲ ಒಳಕ್ಕೆ ಎಳೆಯುತ್ತದೆ. ಕೆಂಡದ ವಿಷಗಾಳಿಗೆ ವಾಸನೆಯೂ ಇಲ್ಲ. ಒಲೆ ಪೂರ್ತಿ ಆರಿಸಿ ಫ್ಯಾನು ಹಚ್ಚಿ, ಅಥವಾ ಒಲೆಯ ಮೇಲೇ ಒಂದು ಫ್ಯಾನು ಹಾಕಿಸಿ.

• ವೈರನ್ನು ಕಿಟಕಿಯ ಸರಳಿಗೆ ಸುತ್ತಬೇಡಿ. ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗು ಹಾಕಿಸಿ. ಕೆಲಸ ಗೊತ್ತಿರುವ ಎಲೆಕ್ಟ್ರೀಷಿಯನ್ ಕೈಯಲ್ಲೇ ಮಾಡಿಸಿ. ಮಳೆ ಇರಚಲು ಬೀಳದಂತೆ ಹೊರಗೆ ಮರೆ ಇರಲಿ.

• ತಿಂಗಳಿಗೊಮ್ಮೆ ಕರೆಂಟು ಆರಿಸಿ ರೆಕ್ಕೆ, ಜಾಳಿಗೆ ಒರೆಸಿ. ಧೂಳು ಕಟ್ಟಿದ ಫ್ಯಾನು ಸದ್ದು ಮಾಡುತ್ತದೆ, ಗಾಳಿ ಎಳೆಯುವುದಿಲ್ಲ.

• ಮಧ್ಯಾಹ್ನದ ಕಡು ಬಿಸಿಲಲ್ಲಿ ವಯಸ್ಸಾದವರನ್ನು, ಕೂಸನ್ನು ಫ್ಯಾನಿನ ಬಿಸಿಗಾಳಿಗೆ ಒಡ್ಡಿ ಬಿಟ್ಟು ಕೂಲಿಗೆ ಹೋಗಬೇಡಿ. ನೆರಳು, ಒದ್ದೆ ಬಟ್ಟೆ, ಆಗಾಗ ನೀರು, ಮಜ್ಜಿಗೆ ಬೇಕು. ಆರು ತಿಂಗಳೊಳಗಿನ ಕೂಸಿಗೆ ಎದೆಹಾಲು ಮಾತ್ರ, ಹೆಚ್ಚು ಸಲ ಕೊಡಿ. ಮೈ ಕೆಂಡದಂತೆ ಸುಟ್ಟು, ಮಾತು ತೊದಲಿ, ಎಚ್ಚರ ತಪ್ಪಿದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ವಾಹನ ಬರುವವರೆಗೆ ನೆರಳಿಗೆ ತಂದು, ಮೈಗೆಲ್ಲ ನೀರು ಹಾಕಿ ಗಾಳಿ ಬೀಸಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು.

ಸಂಘ ಏನು ಮಾಡಬಹುದು?

ಎಕ್ಸಾಸ್ಟ್ ಫ್ಯಾನು ಒಂದೂವರೆ ಎರಡು ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ, ಕೂರಿಸುವ ಕೂಲಿ ಬೇರೆ. ಕೂಲರಿಗೆ ಇದರ ಮೂರು ನಾಲ್ಕು ಪಟ್ಟು ಬೇಕು. ಫ್ಯಾನಿಗೆ ಹೊರಗಿನ ಬಡ್ಡಿ ಸಾಲ ಬೇಕಿಲ್ಲ, ಸಂಘದ ಒಳಸಾಲ ಸಾಕು. ಐದಾರು ಜನ ಸೇರಿ ಒಟ್ಟಿಗೆ ಕೊಂಡರೆ ಅಂಗಡಿಯವರು ಬೆಲೆ ಇಳಿಸುತ್ತಾರೆ, ಎಲೆಕ್ಟ್ರೀಷಿಯನ್ನೂ ಒಂದೇ ದಿನ ಬಂದು ಹೋಗುತ್ತಾರೆ. ಮೊದಲು ಒಬ್ಬರ ಮನೆಗೆ ಹಾಕಿಸಿ, ವಾರ ನೋಡಿ, ಆಮೇಲೆ ಉಳಿದವರು ತೀರ್ಮಾನ ಮಾಡಿ. ಯಾರ ಮನೆಯಲ್ಲಿ ಬಾಣಂತಿ, ಎಳೆಗೂಸು, ಹಾಸಿಗೆ ಹಿಡಿದ ಹಿರಿಯರು ಇದ್ದಾರೋ ಅವರ ಸರದಿ ಮೊದಲು ಬರಲಿ. ಇದನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ.

ಒಬ್ಬ ಸದಸ್ಯೆ ಕೇಳಿದರು, "ಸಿಸ್ಟರ್, ಮನ್ಯಾಗ ಕೇಳಿದ್ರ, ಇಷ್ಟ ವರ್ಷ ಇಲ್ದ ಫ್ಯಾನು ಈಗ್ಯಾಕ ಅಂತಾರ. ಏನ್ ಹೇಳಬೇಕ್ರಿ?" ಆಗ ನಾವೆಲ್ಲ ಸೇರಿ ಒಂದು ಉತ್ತರ ಕೊಟ್ಟೆವು. ಒಂದು ರಾತ್ರಿ ಮನೆಯ ಗಂಡಸರೂ ಬಾಗಿಲು ಹಾಕಿಕೊಂಡು ಒಳಗೆ ಮಲಗಿ ನೋಡಲಿ, ಬೆಳಿಗ್ಗೆ ಮಾತಾಡೋಣ. ನಗುತ್ತಲೇ ಹೇಳಿ, ಆದರೆ ಹೇಳುವುದನ್ನು ಬಿಡಬೇಡಿ. ನಮ್ಮ ನಿದ್ದೆಗೂ ಬೆಲೆಯಿದೆ.

ಇವತ್ತು ಮನೆಗೆ ಹೋದ ಮೇಲೆ ಮೂರು ಕೆಲಸ ಮಾಡಿ: ಕೋಣೆ ಅಳೆಯಿರಿ, ಕಿಟಕಿಗಳು ಯಾವ ಕಡೆ ಇವೆ ನೋಡಿ, ಕರೆಂಟಿನ ಬಿಲ್ಲು ತೆಗೆದಿಡಿ. ಮುಂದಿನ ವಾರದ ಸಭೆಗೆ ಈ ಮೂರನ್ನೂ ತನ್ನಿ, ಕೂತು ಲೆಕ್ಕ ಹಾಕೋಣ.