ಅವಳಿ ಬಸಿರೂ ತಾಯಿಯ ತೂಕವೂ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಅನೇಕರ ದುಡಿಮೆ ಇಲ್ಲಿ, ಸಂಸಾರ ಊರಿನಲ್ಲಿ. ಮನೆಯಾಕೆ ಬಸಿರಿಯೆಂದು ಸುದ್ದಿ ಬಂದರೆ ಸಂತೋಷ. ಅವಳಿಯೆಂದು ತಿಳಿದರೆ ಸಂತೋಷದ ಜೊತೆಗೆ ದಿಗಿಲು. ಎಷ್ಟು ಉಣ್ಣಬೇಕು, ತೂಕ ಎಷ್ಟು ಏರಬೇಕು ಎಂದು ಹತ್ತು ಜನ ಹತ್ತು ಮಾತು ಹೇಳುತ್ತಾರೆ. ಈ ವಿಷಯದಲ್ಲಿ ಚೀನದ ತಾಯಂದಿರ ವಿಚಾರ ನಮಗೂ ಪಾಠವಾಗುವಂತಿದೆ. ಅದನ್ನೇ ನಿಮ್ಮ ಮುಂದಿಡುತ್ತೇವೆ.

ಚೀನದಲ್ಲಿ ಗಂಡೊಂದು ಹೆಣ್ಣೊಂದು ಅವಳಿಯಾಗಿ ಹುಟ್ಟಿದರೆ ಡ್ರ್ಯಾಗನ್ ಮತ್ತು ಫೀನಿಕ್ಸ್ ಹಕ್ಕಿಯ ಜೋಡಿಯೆಂದು ಕೊಂಡಾಡುತ್ತಾರೆ. ಒಬ್ಬಳು ಉಂಡರೆ ಇಬ್ಬರಿಗೆ ಪುಷ್ಟಿ ಎಂಬ ಮಾತೂ ಅಲ್ಲಿದೆ. ನಮ್ಮ ಅಜ್ಜಿಯರ ಮಾತೂ ಅದೇ ತಾನೇ! ಆದರೆ ಎರಡು ಕೂಸಿಗೆ ಮೂರು ಪಾಲು ಊಟವೆಂದು ಹೊರಟರೆ ಲೆಕ್ಕ ತಪ್ಪುತ್ತದೆ.

ತೂಕ ಸಾಲದಿದ್ದರೆ ಕೂಸುಗಳು ಕೃಶವಾಗಿ, ದಿನ ತುಂಬುವ ಮೊದಲೇ ಹುಟ್ಟುವ ಭಯ. ಅವಳಿಗಳಲ್ಲಿ ಅರ್ಧದಷ್ಟೋ ಹೆಚ್ಚೋ 37 ವಾರ ತುಂಬುವ ಮುನ್ನವೇ ಹುಟ್ಟುತ್ತವೆ. ತೂಕ ಮಿತಿಮೀರಿದರೆ ತಾಯಿಗೆ ರಕ್ತದೊತ್ತಡ ಏರುವ, ಹೆರಿಗೆ ಕಷ್ಟವಾಗುವ ಭಯ. ಹಾಗಾದರೆ ಮಿತಿ ಯಾವುದು?

2009ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು ಅವಳಿ ಬಸಿರಿಗೆ ತಾತ್ಕಾಲಿಕವಾಗಿ ಒಂದು ಅಳತೆ ಕೊಟ್ಟಿತು. ಮೊದಲು ಸರಿಯಾದ ತೂಕವಿದ್ದವಳು ಒಟ್ಟು 16.8ರಿಂದ 24.5 ಕಿಲೋ, ತೂಕ ಹೆಚ್ಚಿದ್ದವಳು 14.1ರಿಂದ 22.7 ಕಿಲೋ, ಬೊಜ್ಜಿನವಳು 11.3ರಿಂದ 19.1 ಕಿಲೋ ಏರಬಹುದು. ಇದು ಅಮೆರಿಕದ ಹೆಂಗಸರನ್ನು ನೋಡಿ ಮಾಡಿದ ಅಳತೆ. ಐದಡಿಗೂ ಕಡಿಮೆ ಎತ್ತರದ, 45 ಕಿಲೋ ತೂಗುವ ಹೆಂಗಸು 24.5 ಕಿಲೋ ಏರಿದರೆ ಅದು ಅವಳ ತೂಕದ ಅರ್ಧಕ್ಕೂ ಹೆಚ್ಚು! ಎತ್ತರದ ಮೈಯವಳಿಗೆ ಅಷ್ಟು ಭಾರವೆನಿಸದು. ಅಡಿಗೆಮನೆಯ ಗೆಳೆಯರಿಗೆ ಗೊತ್ತು: ಹಳೆ ಅಕ್ಕಿಗೆ ಹಾಕುವ ನೀರು ಬೇರೆ, ಹೊಸ ಅಕ್ಕಿಗೆ ಬೇರೆ.

ಚೀನದವರು ಇದನ್ನು ಮನಗಂಡರು. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ 25 ಆದರೆ ಹೆಚ್ಚು ತೂಕ, 30 ಆದರೆ ಬೊಜ್ಜು ಎಂಬುದು ಲೋಕದ ರೂಢಿ. ಚೀನದಲ್ಲಿ 24ಕ್ಕೆ ಹೆಚ್ಚು ತೂಕ, 28ಕ್ಕೆ ಬೊಜ್ಜು. ನಮ್ಮ ದೇಶದ ವೈದ್ಯರೂ 23ರಿಂದಲೇ ಎಚ್ಚರ ಹೇಳುತ್ತಾರೆ. 2022ರಲ್ಲಿ ಚೀನ ಸರ್ಕಾರ ತನ್ನ ಗರ್ಭಿಣಿಯರಿಗಾಗಿ ಬೇರೆಯೇ ಅಳತೆ ಹೊರಡಿಸಿತು: ಸರಿಯಾದ ತೂಕದವಳಿಗೆ 8ರಿಂದ 14 ಕಿಲೋ. ಅಮೆರಿಕದಲ್ಲಿ ಇದೇ 11.5ರಿಂದ 16. ಆದರೆ ಚೀನದ ಆ ಅಳತೆ ಒಂದೇ ಕೂಸಿನ ಬಸಿರಿಗೆ ಮಾತ್ರ; ಅವಳಿಯ ತಾಯಂದಿರಿಗೆ ಅದು ಸಲ್ಲದು. ಅವರಿಗೆ ತಕ್ಕುದಾವುದೆಂದು ಅಲ್ಲಿನ ವೈದ್ಯರು ಆಸ್ಪತ್ರೆಗಳ ದಾಖಲೆ ನೋಡಿ ಅಳೆದಿದ್ದಾರೆ.

ನಾವು ಕಲಿಯಬೇಕಾದುದು ಇಷ್ಟು. ಪರದೇಶದ ಪಟ್ಟಿಯನ್ನು ಕಣ್ಣು ಮುಚ್ಚಿ ಹಿಡಿಯುವುದೂ ಬೇಡ, ನೆರೆಮನೆಯಾಕೆಯ ಮಾತಿಗೆ ಮರುಳಾಗುವುದೂ ಬೇಡ. ಮೊದಲ ತಿಂಗಳುಗಳಲ್ಲೇ ತೂಕ ಬರೆಸಿ, ತನಗೆಷ್ಟು ಸಲ್ಲುವುದೆಂದು ವೈದ್ಯರಿಂದ ತಿಳಿಯಬೇಕು. ಅವಳಿಗೆ ದಿನ ಕಡಿಮೆ. ಕೊನೆಯ ತಿಂಗಳಲ್ಲಿ ತುಂಬಿಸುವೆವೆಂದು ಕಾಯಬಾರದು. ವಾಂತಿ ಹೆಚ್ಚಿದ್ದರೆ ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಉಣ್ಣಲಿ. ಅನ್ನದ ರಾಶಿಗಿಂತ ಬೇಳೆ, ಮೊಳಕೆ ಕಾಳು, ಹಾಲು, ಸೊಪ್ಪು, ರೂಢಿಯಿದ್ದರೆ ಮೊಟ್ಟೆ ಮೀನು ಮೇಲು. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ತಪ್ಪಿಸಬಾರದು. ತೂಕ ಒಮ್ಮೆಲೇ ಏರಿ, ಮುಖ ಕೈ ಬಾತು, ತಲೆನೋವು ಬಂದು, ಕಣ್ಣು ಮಂಜಾದರೆ ಅದು ಪುಷ್ಟಿಯಲ್ಲ, ಅಪಾಯ. ಆ ದಿನವೇ ಆಸ್ಪತ್ರೆಗೆ ಹೋಗಬೇಕು.

2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಪುಕ್ಕಟೆ ತಪಾಸಣೆ ಇದೆ. ಸೋದರರೇ, ಊರಿಗೆ ಫೋನು ಮಾಡಿದಾಗ ಹಣ ಮುಟ್ಟಿತೇ ಎಂದು ಕೇಳುತ್ತೀರಿ. ಇನ್ನು ಮುಂದೆ ಈ ತಿಂಗಳು ತೂಕ ಎಷ್ಟು ಬಂತು ಎಂದೂ ಕೇಳಿರಿ. ಆ ಒಂದು ಮಾತಿನಿಂದ ಮೂರು ಜೀವಕ್ಕೆ ಒಳ್ಳೆಯದಾದೀತು.